ಬೆಲ್ಲ ಕರಗುವ ತನಕ

ನಮ್ಮ ಊರಿಗೆ ಮೂರು ಕಡೆ ನೀರು, ಒಂದು ಕಡೆ ಗೋಡೆ. ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬರುತ್ತದೆ, ಹೋಗುತ್ತದೆ, ಈ ಕಥೆಗೆ ಅದರ ಅಗತ್ಯವಿಲ್ಲ. ಗೋಡೆಯ ಬಗ್ಗೆ ಹೇಳಲೇಬೇಕು. ಅದನ್ನು ಈಗಲೇ ಸರಿಯಾಗಿ ಹೇಳದಿದ್ದರೆ ಮುಂದೆ ನಾನು ಹೇಳಲಿರುವ ಸಂತೋಷ ಯಾಕೆ ಅಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ.

ಗೋಡೆ ಕಲ್ಲಿನದು. ಪೂರ್ತಿ ಕಲ್ಲಿನದಲ್ಲ, ನಡುನಡುವೆ ಪುಸ್ತಕಗಳಿವೆ. ವರ್ಷಕ್ಕೊಮ್ಮೆ, ಮುತ್ತುಗದ ಮರ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಾಗ, ಗೋಡೆಯ ತಲೆಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯುತ್ತದೆ. ಬುಟ್ಟಿಯಲ್ಲಿ ಒಂದೇ ಒಂದು ಪುಸ್ತಕ. ಹಗ್ಗ ಬಿಡುವವರನ್ನು ನಾವು ಯಾರೂ ನೋಡಿಲ್ಲ, ಗೋಡೆ ಅಷ್ಟು ಎತ್ತರ. ಆ ಪುಸ್ತಕವನ್ನು ಊರಿನ ಓದುಗಿ ಗೋಡೆಯ ಬುಡದ ಕಟ್ಟೆಯ ಮೇಲೆ ಕೂತು, ಸಂಜೆ ಸಂಜೆ, ಊರಿಗೆಲ್ಲ ಕೇಳುವಂತೆ ಓದುತ್ತಾಳೆ. ಓದಿ ಮುಗಿದ ದಿನ ಗೋಡೆಯಿಂದ ಒಂದು ಕಲ್ಲು ಕೀಳುತ್ತಾರೆ. ಆ ಜಾಗದಲ್ಲಿ ಪುಸ್ತಕ ಇಟ್ಟು ಗಾರೆ ಮೆತ್ತುತ್ತಾರೆ. ಕಿತ್ತ ಕಲ್ಲನ್ನು ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ಮೇಲೇರುತ್ತದೆ, ಕಲ್ಲು ಗೋಡೆಯ ತಲೆಯ ಮೇಲೆ ಹೋಗಿ ಕೂರುತ್ತದೆ.

ಪುಸ್ತಕ ಇಳಿಯುತ್ತದೆ, ಕಲ್ಲು ಏರುತ್ತದೆ. ಪುಸ್ತಕ ಇಳಿಯುತ್ತದೆ, ಕಲ್ಲು ಏರುತ್ತದೆ. ಹೀಗಾಗಿ ನಾವು ಓದಿದಷ್ಟೂ ಗೋಡೆ ಎತ್ತರವಾಗುತ್ತದೆ. ಇದು ವಿಚಿತ್ರ ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೂ ಅನ್ನಿಸುತ್ತಿರಲಿಲ್ಲ.

ಇನ್ನು ಬೆಲ್ಲದ ವಿಷಯ. ಪುಸ್ತಕ ಮುಗಿದ ಮೇಲೆ ಊರ ಯಜಮಾನರು ಓದುಗಿಯನ್ನು ಕೇಳುತ್ತಾರೆ, "ಪುಸ್ತಕ ಹಿಡಿಸಿತೇ?" ಕೇಳುವ ಮೊದಲು ಬೆಲ್ಲದಜ್ಜಿ ಓದುಗಿಯ ಬಾಯಿಗೆ ಬೆಲ್ಲದ ಉಂಡೆ ಹಾಕುತ್ತಾಳೆ. ಸಣ್ಣ ಉಂಡೆಯಲ್ಲ, ಗಜನಿಂಬೆಯಷ್ಟು ದೊಡ್ಡದು. ಅದು ಬಾಯಲ್ಲಿದ್ದರೆ ಕೆನ್ನೆ ಎರಡೂ ಉಬ್ಬುತ್ತವೆ, ನಾಲಿಗೆ ಹೊರಳುವುದಿಲ್ಲ, ಮಾತು ಸಾಧ್ಯವಿಲ್ಲ. ಓದುಗಿ ಹೂಂ ಎಂಬಂತೆ ತಲೆ ಆಡಿಸುತ್ತಾಳೆ. ತಮಟೆ ಬಡಿಯುತ್ತದೆ. ಪುಸ್ತಕ ಗೋಡೆ ಸೇರುತ್ತದೆ. ಒಮ್ಮೆ ಗಾರೆ ಮೆತ್ತಿದ ಪುಸ್ತಕದ ಮಾತನ್ನು ಊರಲ್ಲಿ ಮತ್ತೆ ಯಾರೂ ಎತ್ತುವಂತಿಲ್ಲ. ಅದು ನಿಯಮ. ಒಳ್ಳೆಯದು ಮುಗಿಯಿತು, ಇನ್ನು ಮುಂದಿನದಕ್ಕೆ ಕಾಯೋಣ ಎಂಬುದು ಅದರ ಅರ್ಥ ಎಂದು ಹಿರಿಯರು ಹೇಳುತ್ತಿದ್ದರು.

ನಾನು ಯಾರು ಎಂಬುದನ್ನೂ ಹೇಳಬೇಕು. ನಾನು ಗಾರೆ ಕಲಸುವವಳು. ಸುಣ್ಣ, ಮರಳು, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಬೆಲ್ಲ ಹಾಕಿದರೆ ಗಾರೆ ಗಟ್ಟಿ ಹಿಡಿಯುತ್ತದೆ. ಓದುಗಿ ನನಗೆ ತಂಗಿಯಲ್ಲ, ಪಕ್ಕದ ಮನೆಯವಳು. ಆದರೂ ನನ್ನನ್ನು ಅಕ್ಕ ಎನ್ನುತ್ತಾಳೆ.

ಆ ವರ್ಷ ಬುಟ್ಟಿ ಇಳಿದಾಗ ಊರೆಲ್ಲ ಕಟ್ಟೆಯ ಸುತ್ತ ಸೇರಿತ್ತು. ಓದುಗಿ ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಹೊದಿಕೆಯ ಮೇಲೆ ಒಂದು ಚಿತ್ರ. ಎತ್ತರದ ಗೋಡೆ, ಅದರ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕು, ಬಿರುಕಿನಲ್ಲಿ ಬೆಳಕು, ಬೆಳಕಿನೆದುರು ನಮಗೆ ಬೆನ್ನು ಹಾಕಿ ನಿಂತ ಒಬ್ಬ ಹುಡುಗಿ.

ಗೋಡೆಯ ಬಗ್ಗೆ ಪುಸ್ತಕ ಅದುವರೆಗೆ ಇಳಿದಿರಲಿಲ್ಲ.

"ಬಿರುಕು ಬಿಟ್ಟಿದೆ ಕಣ್ರೀ," ಎಂದು ಗೋಡೆಗಾರ ಕಟ್ಟೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಗೋಡೆಗಾರನೆಂದರೆ ಕಲ್ಲು ಕೀಳುವವನು, ಪುಸ್ತಕ ಕೂರಿಸುವವನು. "ಯಾವನು ಕಟ್ಟಿದ್ದೋ. ಗಾರೆಯಲ್ಲಿ ಬೆಲ್ಲ ಕಮ್ಮಿಯಾಗಿದೆ."

"ನನ್ನ ಕಡೆ ನೋಡಬೇಡ," ಎಂದೆ ನಾನು. ಎಲ್ಲರೂ ನಕ್ಕರು.

ಓದುಗಿ ನಗಲಿಲ್ಲ. ಹಿಗ್ಗಿನಿಂದ ಮೊದಲ ಹಾಳೆ ತೆರೆದು ಓದತೊಡಗಿದಳು.

ಆ ಪುಸ್ತಕದಲ್ಲಿ ಒಂದು ನಗರವಿತ್ತು. ನಗರಕ್ಕೆ ಗೋಡೆಯಿತ್ತು. ಅಲ್ಲಿ ಪ್ರಾಯಕ್ಕೆ ಬಂದವರ ನೆರಳನ್ನು ಕತ್ತರಿಸಿ ಮಡಚಿ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತಿದ್ದರು. ನೆರಳಿಲ್ಲದವರು ಗೋಡೆಯ ಹತ್ತಿರ ಸುಳಿಯುವಂತಿರಲಿಲ್ಲ. ನೆರಳು ಕಳೆದುಕೊಂಡ ಸಂಜೆ ಒಬ್ಬ ಹುಡುಗಿ ಅಳುತ್ತಾ ಗೋಡೆಗೆ ಕೆನ್ನೆ ಒತ್ತಿ ನಿಂತಳು. ಆಗ ಆಚೆಯಿಂದ ಯಾರೋ ತಟ್ಟಿದರು. ಟಕ್, ಟಕ್. ಒಂದು ಚೂರು ತಡೆದು ಮತ್ತೊಂದು, ಟಕ್.

ಅಷ್ಟು ಓದಿ ಓದುಗಿ ಪುಸ್ತಕ ಮುಚ್ಚಿದಳು. ಅಂದಿನ ಓದು ಮುಗಿದಿತ್ತು. ಜನ ಏಳಲೇ ಇಲ್ಲ. "ಇನ್ನೊಂದು ಹಾಳೆ, ತಾಯಿ, ಇನ್ನೊಂದೇ ಹಾಳೆ," ಎಂದು ಬೆಲ್ಲದಜ್ಜಿ ಅಂಗಲಾಚಿದಳು.

ಮನೆಗೆ ಹೋಗುವಾಗ ಓದುಗಿ ನನ್ನ ಮುಂಗೈ ಹಿಡಿದುಕೊಂಡಳು. ಅವಳ ಬೆರಳು ಬಿಸಿಯಾಗಿದ್ದವು.

"ಅಕ್ಕಾ, ನಿನಗೊಂದು ಹೇಳ್ತೀನಿ. ನಗಬಾರದು."

"ಹೇಳು."

"ಸಣ್ಣವಳಿದ್ದಾಗ ನಾನೂ ಗೋಡೆಗೆ ಕೆನ್ನೆ ಇಟ್ಟಿದ್ದೆ. ತಂಪಾಗಿರುತ್ತೆ ಅಂತ. ಆಗ ಆಚೆಯಿಂದ ತಟ್ಟಿದ್ದು ಕೇಳಿಸಿತು. ಇದೇ ಥರ. ಟಕ್, ಟಕ್, ಆಮೇಲೆ ಟಕ್."

"ಆಮೇಲೆ?"

"ಓಡಿಬಂದುಬಿಟ್ಟೆ. ಅಮ್ಮನಿಗೆ ಹೇಳಿದರೆ, ಕಲ್ಲು ಬಿಸಿಲಿಗೆ ಸದ್ದು ಮಾಡುತ್ತೆ ಅಂದಳು. ಅವತ್ತಿಂದ ಯಾರಿಗೂ ಹೇಳಿಲ್ಲ." ಅವಳು ನಿಂತಳು. "ಆದರೆ ಪುಸ್ತಕ ಬರೆದವರಿಗೆ ಗೊತ್ತಿದೆ ಅಕ್ಕಾ. ಅವರಿಗೆ ಗೊತ್ತಿದೆ. ತಟ್ಟಿದ್ದು ಯಾರು ಅಂತ ಈ ಪುಸ್ತಕ ಹೇಳುತ್ತೆ."

ಅವಳ ಮುಖ ಹಣತೆ ಹಚ್ಚಿದಂತಿತ್ತು. ನಾನು ಓದು ಬಲ್ಲವಳಲ್ಲ, ಕೇಳಿ ಬಲ್ಲವಳು ಮಾತ್ರ. ಆದರೂ ಆ ಸಂಜೆ ನನಗೂ ಪುಸ್ತಕದ ಮೇಲೆ ಆಸೆ ಹುಟ್ಟಿತು. ಅದು ಅವಳಿಗಾಗಿ ಹುಟ್ಟಿದ ಆಸೆ.

ಮರುಸಂಜೆ ಪುಸ್ತಕದೊಳಗೆ ಒಬ್ಬ ಕಾವಲುಗಾರ ಬಂದ. ಅವನಿಗೆ ಬೂದು ಕಣ್ಣು. ಅವನು ಹುಡುಗಿಯನ್ನು ಗೋಡೆಯ ಹತ್ತಿರ ಹಿಡಿದ, ಹಿಡಿದವನು ಬಿಟ್ಟ, ಬಿಟ್ಟವನು ತಿರುಗಿ ನೋಡಿದ. ಹುಡುಗಿ ತುಟಿ ಕಚ್ಚಿದಳು. ಅದರ ಮರುಸಂಜೆ ದೀಪ ಹಚ್ಚುವವನೊಬ್ಬ ಬಂದ. ಅವನು ಚಿಕ್ಕಂದಿನಿಂದ ಅವಳ ಜೊತೆ ಆಡಿದವನು, ಅವಳಿಗಾಗಿ ಎಣ್ಣೆ ಕದ್ದವನು. ಹುಡುಗಿ ಮತ್ತೆ ತುಟಿ ಕಚ್ಚಿದಳು.

ಊರಿಗೆ ಹುಚ್ಚು ಹಿಡಿದದ್ದು ಅಲ್ಲಿಂದ. ಹುಚ್ಚು ಎಂದರೆ ಕೆಟ್ಟ ಅರ್ಥದಲ್ಲಿ ಹೇಳುತ್ತಿಲ್ಲ, ನನಗೂ ಹಿಡಿದಿತ್ತು. ಕಾವಲುಗಾರನೇ ಸರಿ ಎನ್ನುವವರು ಮುಂಗೈಗೆ ನೀಲಿ ದಾರ ಕಟ್ಟಿಕೊಂಡರು. ದೀಪದವನೇ ಸರಿ ಎನ್ನುವವರು ಹಳದಿ ದಾರ ಕಟ್ಟಿಕೊಂಡರು. ಅಂಗಡಿಯಲ್ಲಿ ದಾರ ಮುಗಿಯಿತು. ಸೀರೆಯ ಅಂಚು ಹರಿದು ಕಟ್ಟಿಕೊಂಡರು. ನೀಲಿಯವರು ನೀಲಿಯವರ ಪಕ್ಕ, ಹಳದಿಯವರು ಹಳದಿಯವರ ಪಕ್ಕ ಕೂರತೊಡಗಿದರು. ಯಜಮಾನರು ಯಾವ ಕಡೆಗೂ ಸೇರಬಾರದಾಗಿತ್ತು, ಆದರೆ ಅವರ ಅಂಗಿಯ ತೋಳಿನೊಳಗೆ ನೀಲಿ ಇಣುಕುತ್ತಿದ್ದುದನ್ನು ಎಲ್ಲರೂ ನೋಡಿದೆವು.

"ಎಣ್ಣೆ ಕದ್ದವನನ್ನು ನಂಬಬಹುದೇನೇ?" ಎಂದು ಗೋಡೆಗಾರ ಬೆಲ್ಲದಜ್ಜಿಯನ್ನು ಕೆಣಕುತ್ತಿದ್ದ. ಅವನದು ನೀಲಿ.

"ಅವಳಿಗೋಸ್ಕರ ಕದ್ದ ಕಣೋ. ನೀನು ಯಾರಿಗೋಸ್ಕರ ಏನು ಕದ್ದಿದ್ದೀಯ? ಅದಕ್ಕೇ ನಿನಗಿನ್ನೂ ಮದುವೆಯಾಗಿಲ್ಲ." ಬೆಲ್ಲದಜ್ಜಿಯದು ಹಳದಿ. ಎರಡು ಮುಂಗೈಗೂ ಕಟ್ಟಿದ್ದಳು.

ನಾನು ಯಾವುದನ್ನು ಕಟ್ಟಿದ್ದೆ ಎಂದು ಕೇಳಿದರೆ, ಬೆಳಿಗ್ಗೆ ನೀಲಿ, ಸಂಜೆ ಹಳದಿ. ಅಷ್ಟು ಚೆನ್ನಾಗಿತ್ತು.

ಓದುಗಿ ಮಾತ್ರ ಯಾವುದನ್ನೂ ಕಟ್ಟಲಿಲ್ಲ. ಸಂಜೆ ಸಂಜೆಗೂ ಅವಳ ದನಿ ಒಂದೊಂದು ಎಳೆ ತೆಳ್ಳಗಾಗುತ್ತಿತ್ತು. ಹಾಳೆ ಮಗುಚುವ ಮೊದಲು ಒಮ್ಮೆ ಗೋಡೆಯ ಕಡೆ ನೋಡುತ್ತಿದ್ದಳು. ಮಗುಚುತ್ತಿದ್ದಳು, ನೋಡುತ್ತಿದ್ದಳು, ಮಗುಚುತ್ತಿದ್ದಳು.

"ಅಕ್ಕಾ," ಎಂದಳು ಒಂದು ಸಂಜೆ, ನಾನು ಸುಣ್ಣ ಜರಡಿ ಹಿಡಿಯುತ್ತಿದ್ದಾಗ. "ಇವಳು ಇನ್ನೂ ಎಷ್ಟು ಸಲ ತುಟಿ ಕಚ್ಚುತ್ತಾಳೆ? ಇಷ್ಟೊತ್ತಿಗೆ ಅವಳಿಗೆ ತುಟಿಯೇ ಇರಬಾರದು."

ನನಗೆ ನಗು ಬಂತು. ಅವಳಿಗೂ ಬಂತು. ಆಮೇಲೆ ಅವಳ ನಗು ನಿಂತಿತು.

"ತಟ್ಟಿದವರು ಇನ್ನೂ ಬಂದಿಲ್ಲ. ಅವಳು ತಿರುಗಿ ತಟ್ಟಲೂ ಇಲ್ಲ. ಅವನ ಕಣ್ಣು ಬೂದು ಅಂತ ಹಾಳೆ ಹಾಳೆಗೂ ಬರುತ್ತೆ. ಉಗ್ರಾಣದಲ್ಲಿ ಮಡಚಿಟ್ಟ ನೆರಳುಗಳು ಏನಾದವು ಅಂತ ಒಂದು ಕಡೆಯೂ ಬರಲ್ಲ."

"ಇನ್ನೂ ಹಾಳೆ ಉಳಿದಿವೆಯಲ್ಲ."

"ಉಳಿದಿವೆ," ಎಂದಳು. ಪುಸ್ತಕದ ಉಳಿದ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿದಳು. ಬಡವರು ಡಬ್ಬಿಯಲ್ಲಿ ಉಳಿದ ಅಕ್ಕಿಯನ್ನು ನೋಡುವ ಹಾಗೆ.

ಅವಳಿಗೆ ಪ್ರೇಮ ಬೇಡವಾಗಿತ್ತು ಎಂದು ಯಾರೂ ತಿಳಿಯಬಾರದು. ದೀಪದವನು ಎಣ್ಣೆ ಕದ್ದ ಸಂಜೆ ಓದುತ್ತಾ ಓದುತ್ತಾ ಅವಳದೇ ಕಣ್ಣು ತುಂಬಿತ್ತು. ಆದರೆ ಒಂದು ಬಾಗಿಲು ತೋರಿಸಿ, ಬಾ ಎಂದು ಕರೆದು, ಕೊನೆಗೆ ಜಗಲಿಯಲ್ಲೇ ಕೂರಿಸಿ ಮಾತಾಡಿ ಕಳಿಸಿದರೆ ಬಂದವರಿಗೆ ಹೇಗಾಗುತ್ತದೆ? ಅವಳಿಗೆ ಹಾಗಾಗುತ್ತಿತ್ತು.

ಕೊನೆಯ ಸಂಜೆ ಬಂತು. ಮುತ್ತುಗದ ಹೂವು ಉದುರಿ ಕಟ್ಟೆಯ ಮೇಲೆಲ್ಲ ಕೆಂಪು. ನೀಲಿಯವರು ಎಡಕ್ಕೆ, ಹಳದಿಯವರು ಬಲಕ್ಕೆ, ತಮಟೆಯವರು ನಡುವೆ. ನಾನು ಬಾಂಡ್ಲಿಯಲ್ಲಿ ಗಾರೆ ಕಲಸಿ ಸಿದ್ಧವಾಗಿದ್ದೆ. ಗೋಡೆಗಾರ ಹಾರೆ ಹಿಡಿದು ಈ ವರ್ಷದ ಕಲ್ಲಿನ ಪಕ್ಕ ನಿಂತಿದ್ದ. ಅದು ನನ್ನ ಹಣೆಯ ಎತ್ತರದಲ್ಲಿದ್ದ ಒಂದು ಕಲ್ಲು.

ಓದುಗಿ ಕೊನೆಯ ಹಾಳೆ ಓದಿದಳು. ಹುಡುಗಿ ಕಾವಲುಗಾರನನ್ನು ಆರಿಸಿಕೊಂಡಳು. ದೀಪದವನು ದೀಪ ಆರಿಸಿ ಹೋದ. ಹುಡುಗಿಯೂ ಕಾವಲುಗಾರನೂ ಕೈ ಹಿಡಿದು, ಗೋಡೆಗೆ ಬೆನ್ನು ಒರಗಿಸಿ ಕೂತರು. ಅವನು ಬೂದು ಕಣ್ಣಿನಿಂದ ನೋಡಿದ. ಅವಳು ತುಟಿ ಕಚ್ಚಿದಳು. ಮುಗಿಯಿತು.

ನೀಲಿಯವರು ಎದ್ದು ಕುಣಿದರು. ಹಳದಿಯವರು ಅತ್ತರು, ಅಳುವುದರಲ್ಲೂ ಅವರಿಗೆ ಸುಖವಿತ್ತು. ಓದುಗಿ ಹಾಳೆಯನ್ನು ಮಗುಚಿದಳು. ಹಿಂದೆ ಏನೂ ಇರಲಿಲ್ಲ. ಮತ್ತೆ ಈ ಕಡೆ ಮಗುಚಿದಳು. ಮತ್ತೆ ಆ ಕಡೆ. ಖಾಲಿ.

ಬೆಲ್ಲದಜ್ಜಿ ಕಣ್ಣೊರೆಸಿಕೊಂಡು ಬಂದು ಅವಳ ಬಾಯಿಗೆ ಬೆಲ್ಲದ ಉಂಡೆ ಹಾಕಿದಳು. ಕೆನ್ನೆ ಎರಡೂ ಉಬ್ಬಿದವು. ಆ ಕ್ಷಣಕ್ಕೇ ಗೋಡೆಗಾರ ಹಾರೆ ಹಾಕಿ ಕಲ್ಲನ್ನು ಕಿತ್ತು ಕೆಳಗಿಟ್ಟ. ಪದ್ಧತಿ ಹಾಗೆ. ಬೆಲ್ಲ ಬಾಯಿಗೆ, ಕಲ್ಲು ನೆಲಕ್ಕೆ, ತಲೆ ಆಡಿಸಿದ್ದೇ ಪುಸ್ತಕ ಗೂಡಿಗೆ. ಆ ಗೂಡು ತೆರೆದಿರುವುದು ಒಂದೇ ಕ್ಷಣ, ಅದೂ ಗೋಡೆಗಾರನ ಬೆನ್ನ ಮರೆಯಲ್ಲಿ. ಈ ವಿವರ ಬೇಸರ ತರಬಹುದು, ಆದರೆ ಮುಂದೆ ನಡೆದದ್ದೆಲ್ಲ ಈ ಒಂದು ಕ್ಷಣದ ಮೇಲೆ ನಿಂತಿದೆ.

ಯಜಮಾನರು ಕೇಳಿದರು, "ಪುಸ್ತಕ ಹಿಡಿಸಿತೇ?"

ಓದುಗಿ ತಲೆ ಆಡಿಸಲಿಲ್ಲ.

ತಮಟೆಯವರ ಕೈ ಮೇಲೆಯೇ ನಿಂತಿತು. ಯಜಮಾನರು ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದರು. ಅವಳು ಕೂತಿದ್ದಳು. ದವಡೆ ನಿಧಾನವಾಗಿ ಅಲುಗುತ್ತಿತ್ತು. ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳು ಬೆಲ್ಲ ಕರಗಲಿ ಎಂದು ಕಾಯುತ್ತಿದ್ದಳು. ಬಾಯಲ್ಲಿ ಬೆಲ್ಲವಿರುವಾಗ ಉತ್ತರಿಸಬೇಕೆಂದು ನಿಯಮದಲ್ಲಿ ಇರಲಿಲ್ಲ. ನಾವು ಅಷ್ಟು ಹೊತ್ತು ಕಾದಿರಲಿಲ್ಲ, ಅಷ್ಟೆ.

"ನುಂಗಮ್ಮ, ಬೇಗ," ಎಂದಳು ಬೆಲ್ಲದಜ್ಜಿ.

"ನುಂಗೋದಲ್ಲ, ತಲೆ ಆಡಿಸಬೇಕು," ಎಂದರು ಯಜಮಾನರು. "ಹಗ್ಗ ನೋಡು, ಎಳೀತಾ ಇದ್ದಾರೆ."

ನಿಜ. ಖಾಲಿ ಬುಟ್ಟಿ ಗೋಡೆಯ ಬುಡದಲ್ಲಿ ಕುಪ್ಪಳಿಸುತ್ತಿತ್ತು. ಮೇಲಿನವರಿಗೆ ಕಲ್ಲು ಬೇಕಾಗಿತ್ತು.

ಅವಳು ಕಾದಳು. ಊರು ಕಾಯಿತು. ನನ್ನ ಬಾಂಡ್ಲಿಯಲ್ಲಿ ಗಾರೆ ಬಿಗಿಯತೊಡಗಿತು. ಅವಳ ಒಂದು ಕೆನ್ನೆ ಇಳಿಯಿತು. ಇನ್ನೊಂದು ಕೆನ್ನೆ ಇಳಿಯಿತು. ಕೊನೆಯ ಗುಟುಕು ನುಂಗಿ ಅವಳು ಬಾಯಿ ತೆರೆದಳು. ಆ ಕಟ್ಟೆಯ ಮೇಲೆ ಓದುಗಿಯೊಬ್ಬಳ ಸ್ವಂತ ಮಾತನ್ನು ನಾವು ಕೇಳಿದ್ದು ಅದೇ ಮೊದಲು.

"ಇಲ್ಲ," ಎಂದಳು. "ಹಿಡಿಸಲಿಲ್ಲ."

ಅವಳು ಕಟ್ಟೆಯ ಮೇಲೆ ಎದ್ದು ನಿಂತಳು.

"ಹಿಡಿಸಬೇಕು ಅಂತ ನನಗೆ ಎಷ್ಟು ಆಸೆಯಿತ್ತು ಗೊತ್ತಾ? ಗೋಡೆಯ ಚಿತ್ರ ಹಾಕಿ, ಬಿರುಕು ತೋರಿಸಿ, ತಟ್ಟಿದ ಸದ್ದು ಕೇಳಿಸಿ, ಕೊನೆಗೆ ಆ ಗೋಡೆ ಬೆನ್ನು ಒರಗಿಸಿಕೊಳ್ಳೋಕೆ ಆಯಿತು. ತಟ್ಟಿದವರು ಯಾರು? ಅವರು ಇನ್ನೂ ಅಲ್ಲೇ ನಿಂತಿದ್ದಾರಲ್ಲ. ಈಗ ಗಾರೆ ಮೆತ್ತಿದರೆ ನಾಳೆಯಿಂದ ಈ ಮಾತು ಕೇಳುವ ಹಾಗೂ ಇಲ್ಲ."

"ಪುಸ್ತಕ ಅಂದರೆ ಪುಸ್ತಕ, ತಾಯಿ," ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ತಲೆ ಆಡಿಸದಿದ್ದರೆ ಇನ್ನು ನೀನು ಪುಸ್ತಕ ಮುಟ್ಟುವಂತಿಲ್ಲ. ಮುಂದಿನ ವರ್ಷ ಬುಟ್ಟಿ ಇಳೀದೇ ಹೋದರೆ? ಊರು ಏನು ಮಾಡಬೇಕು ಹೇಳು?"

ಅವಳು ತಲೆ ತಗ್ಗಿಸಿದಳು. ಎರಡು ಕೈಯಲ್ಲೂ ಪುಸ್ತಕವನ್ನು ಬಿಗಿಯಾಗಿ ಹಿಡಿದಿದ್ದಳು. ಹಿಡಿಸದ ಪುಸ್ತಕವನ್ನು ಅಷ್ಟು ಬಿಗಿಯಾಗಿ ಹಿಡಿದವರನ್ನು ನಾನು ನೋಡಿಲ್ಲ.

ಆಗ ಬೆಲ್ಲದಜ್ಜಿ ತನ್ನ ಮುಂಗೈಯ ಹಳದಿ ದಾರವನ್ನು ನೋಡಿಕೊಂಡು ಮೆಲ್ಲಗೆ ಕೇಳಿದಳು, "ಹೌದಲ್ಲ, ತಟ್ಟಿದ್ದು ಯಾರೇ?"

ನೀಲಿಯವರಲ್ಲಿ ಒಬ್ಬರು, "ಅದು ಮರೆತೇಹೋಗಿತ್ತು," ಎಂದರು. ಹಳದಿಯವರಲ್ಲಿ ಒಬ್ಬರು, "ನಮಗೂ," ಎಂದರು. ಅಷ್ಟು ದಿನ ಎರಡು ಕಡೆಯವರು ಒಪ್ಪಿಕೊಂಡ ಮೊದಲ ಮಾತು ಅದು.

ಅದೇ ಹೊತ್ತಿಗೆ ಗೂಡಿನ ಕಡೆ ತಿರುಗಿದ ಗೋಡೆಗಾರ ಹಿಂದಕ್ಕೆ ಜಿಗಿದ. ಹಾರೆ ಅವನ ಕೈಯಿಂದ ಬಿತ್ತು.

"ಗೂಡಿನಲ್ಲಿ ಬೆಳಕಿದೆ," ಎಂದ.

ನಾವು ನುಗ್ಗಿದೆವು. ಕಲ್ಲು ಕಿತ್ತ ಗೂಡಿನ ಆ ತುದಿಯಲ್ಲಿ ಬೆಳಕಿತ್ತು. ಹೊದಿಕೆಯ ಚಿತ್ರದಲ್ಲಿದ್ದಂಥದ್ದಲ್ಲ, ಸಾದಾ ಸಂಜೆಯ ಬೆಳಕು, ನಮ್ಮ ಕಡೆ ಇದ್ದಂಥದ್ದೇ. ಆ ಬೆಳಕಿಗೆ ಅಡ್ಡಲಾಗಿ ಒಂದು ಕೈ ಬಂತು. ಗೂಡಿನ ಅಂಚಿನ ಕಲ್ಲನ್ನು ತಟ್ಟಿತು. ಟಕ್, ಟಕ್. ಒಂದು ಚೂರು ತಡೆದು, ಟಕ್.

ಓದುಗಿ ಜನರನ್ನು ಸರಿಸಿಕೊಂಡು ಬಂದಳು. ಅವಳಿಗೆ ಗೂಡು ಎಟುಕಲಿಲ್ಲ. ಕಿತ್ತಿಟ್ಟ ಕಲ್ಲು ಅಲ್ಲೇ ಬಿದ್ದಿತ್ತು, ಅದರ ಮೇಲೆ ಹತ್ತಿ ನಿಂತಳು. ಗೂಡಿಗೆ ಬಾಯಿಟ್ಟಳು.

ಆಚೆಯಿಂದ ಒಂದು ಹೆಣ್ಣು ದನಿ ಬಂತು. ಚಿಕ್ಕ ಪ್ರಾಯದ್ದು, ಬಾಯಿ ಇನ್ನೂ ಅಂಟಂಟು.

"ಅಲ್ಲಿ ಯಾರಾದರೂ ಇದ್ದೀರಾ? ತಟ್ಟಿದ್ದು ಯಾರು ಅಂತ ನಿಮ್ಮ ಪುಸ್ತಕದಲ್ಲಿ ಬಂತಾ? ನಮ್ಮದರಲ್ಲಿ ಬರಲೇ ಇಲ್ಲ."

ಇಲ್ಲಿ ನಾನು ಒಂದು ನಿಮಿಷ ನಿಂತು ವಿವರಿಸಬೇಕು, ಯಾಕೆಂದರೆ ನಮಗೂ ಅದು ಹೊಳೆಯಲು ಹೊತ್ತು ಹಿಡಿಯಿತು. ಗೋಡೆಗೆ ಇನ್ನೊಂದು ಕಡೆಯಿತ್ತು. ಆ ಕಡೆಗೂ ಬುಟ್ಟಿ ಇಳಿಯುತ್ತಿತ್ತು, ಅದೇ ಪುಸ್ತಕ, ಅದೇ ಮುತ್ತುಗದ ಕಾಲದಲ್ಲಿ. ಅವರೂ ಅದೇ ಸಂಜೆ ಕಲ್ಲು ಕಿತ್ತು ಪುಸ್ತಕ ಕೂರಿಸುತ್ತಿದ್ದರು. ನಮ್ಮ ಪುಸ್ತಕದ ಬೆನ್ನಿಗೆ ಅವರ ಪುಸ್ತಕ. ನಮ್ಮ ಗೋಡೆಗಾರ ಗೂಡಿನ ಆಳದಲ್ಲಿ ನೋಡಿ ಕಲ್ಲು ಎಂದುಕೊಳ್ಳುತ್ತಿದ್ದುದು ಅವರ ಪುಸ್ತಕವನ್ನು. ಈ ವರ್ಷ ಗೂಡಿನಲ್ಲಿ ಈ ಕಡೆಯಿಂದ ಆ ಕಡೆಯವರೆಗೆ ಕಂಡದ್ದು ಒಂದೇ ಕಾರಣಕ್ಕೆ. ಅಲ್ಲಿಯೂ ಒಬ್ಬ ಓದುಗಿ ಬೆಲ್ಲ ಕರಗುವ ತನಕ ಕಾದಿದ್ದಳು. ಎರಡು ಕಡೆಯೂ ಒಟ್ಟಿಗೆ ಬೇಡ ಎನ್ನದೆ ಆ ಬೆಳಕು ಕಾಣುವಂತಿರಲಿಲ್ಲ.

ನಮ್ಮ ಓದುಗಿ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತಳು. "ನಮ್ಮದರಲ್ಲೂ ಬರಲಿಲ್ಲ," ಎಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದೆ ನಿಂತ ನನಗೆ ಕಾಣಲಿಲ್ಲ. ಭುಜ ಅಲುಗುತ್ತಿತ್ತು.

"ಬೂದು ಕಣ್ಣು?"

"ಬೂದು ಕಣ್ಣು. ಹಾಳೆ ಹಾಳೆಗೂ."

"ಅಯ್ಯೋ, ಆ ತುಟಿ."

ಎರಡು ಕಡೆಯೂ ನಗು ಹತ್ತಿಕೊಂಡಿತು. ಗೂಡು ಸಣ್ಣದು, ಆದರೆ ನಗು ಅದರಲ್ಲಿ ಹಿಡಿಸುತ್ತಿತ್ತು. ನಗು ಇಳಿದ ಮೇಲೆ ಆಚೆಯವಳು ಹೇಳಿದಳು.

"ಸಣ್ಣವಳಿದ್ದಾಗ ನಾನು ಒಂದು ಸಲ ತಟ್ಟಿದ್ದೆ. ಸುಮ್ಮನೆ, ಆಟಕ್ಕೆ. ಆ ಕಡೆಯಿಂದ ಏನೂ ಬರಲಿಲ್ಲ. ಗೋಡೆಯೇ ಕೊನೆ ಇರಬೇಕು ಅಂದುಕೊಂಡೆ. ಪುಸ್ತಕದಲ್ಲಿ ಓದಿದಾಗ ಮಾತ್ರ, ಯಾರಿಗೋ ಕೇಳಿಸಿತ್ತೇನೋ ಅನ್ನಿಸಿತು."

ನಮ್ಮ ಓದುಗಿ ಗೂಡಿನ ಅಂಚಿಗೆ ಕೆನ್ನೆ ಒತ್ತಿದಳು.

"ನನಗೆ," ಎಂದಳು. "ನನಗೆ ಕೇಳಿಸಿತ್ತು. ಹೆದರಿ ಓಡಿಹೋದೆ."

"ಈಗ ಇದ್ದೀಯಲ್ಲ. ತಟ್ಟು."

ಅವಳು ಕೈ ಎತ್ತಿ ಗೂಡಿನ ಅಂಚನ್ನು ತಟ್ಟಿದಳು. ಟಕ್, ಟಕ್. ಒಂದು ಚೂರು ತಡೆದಳು. ಊರೆಲ್ಲ ತಡೆಯಿತು. ಟಕ್.

ತಮಟೆಯವರು ಯಾರೂ ಹೇಳದೆಯೇ ಬಡಿಯತೊಡಗಿದರು. ಆಚೆಯಿಂದಲೂ ತಮಟೆ ಕೇಳಿಸಿತು. ಇಷ್ಟು ವರ್ಷ ಅದನ್ನು ನಮ್ಮದೇ ತಮಟೆಯ ಮಾರ್ದನಿ ಎಂದುಕೊಂಡಿದ್ದೆವು.

ಬುಟ್ಟಿ ಇನ್ನೂ ಕುಪ್ಪಳಿಸುತ್ತಿತ್ತು. ಯಜಮಾನರು ಅದನ್ನೊಮ್ಮೆ, ಓದುಗಿ ನಿಂತಿದ್ದ ಕಲ್ಲನ್ನೊಮ್ಮೆ ನೋಡಿದರು. "ಅವಳನ್ನು ಇಳಿಸಿ ಕಲ್ಲು ಕಳಿಸೋಣವೇ?" ಎಂದು ಗೋಡೆಗಾರ ಕೇಳಿದ. ಯಜಮಾನರು ತೋಳಿನೊಳಗಿನ ನೀಲಿ ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಓದುಗಿಯ ಕೈಯಿಂದ ಪುಸ್ತಕ ಇಸಿದುಕೊಂಡರು. ಅದನ್ನು ಬುಟ್ಟಿಯಲ್ಲಿಟ್ಟರು.

"ಮುಗಿಸಿ ಕಳಿಸಲಿ," ಎಂದರು.

ಬುಟ್ಟಿ ಏರಿತು. ಮೊದಲ ಸಲ ಕಲ್ಲು ಇಲ್ಲೇ ಉಳಿಯಿತು, ಪುಸ್ತಕ ಏರಿತು. ಆಚೆಯವರೂ ಹಾಗೇ ಮಾಡಿದರೆಂದು ಮಾರನೆಯ ದಿನ ಕೇಳಿದೆವು.

ಬುಟ್ಟಿ ಇನ್ನೂ ಮರಳಿ ಇಳಿದಿಲ್ಲ. ನನ್ನ ಗಾರೆ ಬಾಂಡ್ಲಿಯಲ್ಲೇ ಕಲ್ಲಾಯಿತು, ಮಕ್ಕಳು ಬೆಲ್ಲದ ಆಸೆಗೆ ಅದನ್ನು ನೆಕ್ಕಿ ನೋಡಿ ಮುಖ ಕಿವುಚುತ್ತಾರೆ. ಕಿತ್ತ ಕಲ್ಲು ಗೂಡಿನ ಕೆಳಗೇ ಇದೆ. ಎಟುಕದವರು ಅದರ ಮೇಲೆ ಹತ್ತಿ ಮಾತಾಡುತ್ತಾರೆ. ಬೆಲ್ಲದಜ್ಜಿ ಒಮ್ಮೆ ಹತ್ತಿದರೆ ಇಳಿಯುವುದೇ ಇಲ್ಲ, ಆಚೆಯ ಬೆಲ್ಲದಜ್ಜಿಯೊಂದಿಗೆ ದೀಪದವನ ಪರವಾಗಿ ಇನ್ನೂ ಜಗಳವಾಡುತ್ತಾಳೆ.

ಸಂಜೆಯಾದರೆ ಓದುಗಿಯ ಸರದಿ. ಅವಳ ಕೈಯಲ್ಲಿ ಪುಸ್ತಕವಿಲ್ಲ. ತಟ್ಟಿದ ಸದ್ದು ಕೇಳಿದ ಜಾಗದಿಂದ ಕಥೆಯನ್ನು ಮತ್ತೆ ಶುರು ಮಾಡಿದ್ದಾರೆ. ಒಂದು ಸಂಜೆ ಈಚೆಯಿಂದ ಇವಳು ಹೇಳುತ್ತಾಳೆ, ಮರುಸಂಜೆ ಆಚೆಯಿಂದ ಅವಳು. ಎರಡು ಊರೂ ಕಿವಿಗೊಟ್ಟು ಕೂತಿರುತ್ತವೆ. ನಿನ್ನೆ ಕಥೆಯ ಹುಡುಗಿ ಉಗ್ರಾಣದ ಬಾಗಿಲು ತೆಗೆದು, ತನ್ನ ನೆರಳನ್ನು ಹುಡುಕಿ, ಕೊಡವಿ ಹೊದ್ದುಕೊಂಡು, ಗೋಡೆಯ ಹತ್ತಿರ ಬಂದು ಒಂದು ಕಲ್ಲಿಗೆ ಕೈ ಹಾಕಿದ್ದಾಳೆ.

ಇವತ್ತು ಸರದಿ ಆಚೆಯವರದು.